ಮುಗಿಯದ ಆರಾಧನೆ

2018ರ ಅಕ್ಟೋಬರ್ 26ಕ್ಕೆ ನೆದರ್ಲೆಂಡ್ಸಿನ ಹೇಗ್ ನಗರದ ಬೆಥೆಲ್ ಚರ್ಚಿನಲ್ಲಿ ಶುರುವಾದ ಆರಾಧನೆ ಮುಗಿದದ್ದು 2019ರ ಜನವರಿ 30ಕ್ಕೆ. ಹಗಲೂ ರಾತ್ರಿ, 96 ದಿನ! ನಮ್ಮ ಸರ್ವರ್‌ಗಳೇ ಇಷ್ಟು ದಿನ ರೀಸ್ಟಾರ್ಟ್ ಇಲ್ಲದೆ ನಿಲ್ಲಲ್ಲ ಬಿಡಿ :)

ಒಳಗಿದ್ದದ್ದು ಅರ್ಮೇನಿಯಾದ ಒಂದು ಕುಟುಂಬ. ಅಪ್ಪ, ಅಮ್ಮ, ಮೂವರು ಮಕ್ಕಳು. ಅವರಿಗೆ ಆಶ್ರಯ ಕೊಡಲು ಸರ್ಕಾರ ಒಪ್ಪಿರಲಿಲ್ಲ. ಆರಾಧನೆ ನಡೆಯುವಾಗ ಪೊಲೀಸರು ಚರ್ಚಿನೊಳಗೆ ನುಗ್ಗುವಂತಿಲ್ಲ ಅನ್ನೋದು ಅಲ್ಲಿನ ಕಾನೂನು. ಹಾಗಾಗಿ ಆರಾಧನೆ ಮುಗಿಸಲೇ ಇಲ್ಲ! ನೂರಾರು ಪಾದ್ರಿಗಳು ಪಾಳಿ ಹಾಕಿಕೊಂಡು ನಡೆಸಿದರು.

ದೇವರ ಹೆಸರಲ್ಲಿ ಕಾನೂನಿಗೆ ಚಳ್ಳೆಹಣ್ಣು ತಿನ್ನಿಸಿದರು ಅನ್ನಬಹುದು. ನನಗೆ ಹಾಗನ್ನಿಸಲ್ಲ. ಪರದೇಶಿಯನ್ನ ಸೇರಿಸಿಕೊಂಡವರು ತನ್ನನ್ನೇ ಸೇರಿಸಿಕೊಂಡ ಹಾಗೆ ಅಂತ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಹೇಳ್ತಾನೆ. ಅದನ್ನ ಓದಿ ಚೆಕ್ ಬರೆದುಕೊಡೋದು ಸುಲಭ. ಯಾರದೋ ಮಕ್ಕಳಿಗಾಗಿ ಚಳಿಗಾಲದ ನಡುರಾತ್ರಿ ನಿದ್ದೆಗೆಟ್ಟು ಕೂರೋದಿದೆಯಲ್ಲ, ಸ್ನೇಹ ಅಂದ್ರೆ ಅದು. ಕ್ರೈಸ್ತರಾಗಿರೋದು ಅಂದ್ರೂ ಅದೇ ಇರಬೇಕು.

ಕೊನೆಗೆ ಆ ಕುಟುಂಬದ್ದೂ ಸೇರಿ ನೂರಾರು ಮಕ್ಕಳ ಅರ್ಜಿಗಳನ್ನ ಮತ್ತೆ ನೋಡಲು ಆಳುವ ಪಕ್ಷಗಳು ಒಪ್ಪಿದವು. ಆದರೆ ಅದೇ ಒಪ್ಪಂದದಲ್ಲಿ, ಇಂಥ ಮಕ್ಕಳನ್ನ ಉಳಿಸಿಕೊಳ್ಳಲು ಇದ್ದ ವಿಶೇಷ ಯೋಜನೆಯನ್ನೇ ಮುಂದಿನವರಿಗೆ ಇಲ್ಲದಂತೆ ಮುಚ್ಚಿಬಿಟ್ಟರು. ಇದಕ್ಕೇನಂತೀರಿ?