ಫೋಟೋ ತಿದ್ದುವ ಕೈ ನಮ್ಮದೇ ಆಗಲಿ

ತಕ್ಕಡಿ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತೆ ಅಂತ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಫೋಟೋ ಕೂಡ ಒಂದು ತಕ್ಕಡಿಯೇ. ಪೇಟೆಯವರು ನಮ್ಮ ಮಾಲನ್ನು ಕೈಯಲ್ಲಿ ಹಿಡಿಯುವ ಮೊದಲು ಅದರ ಚಿತ್ರ ನೋಡುತ್ತಾರೆ. ರೋಗ ಬಂದ ಎಲೆಯನ್ನು ತಿಳಿದವರು ಎಷ್ಟೋ ಸಲ ಚಿತ್ರದಲ್ಲೇ ನೋಡಿ ಔಷಧ ಹೇಳುತ್ತಾರೆ. ಹಾಗಿರುವಾಗ ಫೋಟೋ ತಿದ್ದುವುದು ಸ್ಟುಡಿಯೋದವರ ಕೆಲಸ, ನಮಗ್ಯಾಕೆ ಅಂತ ಕೂತರೆ ಆಗುವುದಿಲ್ಲ. ಕಳೆ ತೆಗೆದಂತೆ, ಕಾಳು ಹಸನು ಮಾಡಿದಂತೆ ಇದನ್ನೂ ನಾವೇ ಕಲಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ನಾನು ಏಳನೇ ಕ್ಲಾಸು ಓದಿದವನು, ಐವತ್ತು ದಾಟಿದೆ. ಚಿತ್ರದುರ್ಗದ ಕಡೆ ಮಳೆ ನಂಬಿದ ಎಂಟು ಎಕರೆಯಲ್ಲಿ ಶೇಂಗಾ, ನವಣೆ ಬೆಳೆಯುತ್ತೇನೆ. ನವಣೆಯನ್ನು ಅಕ್ಕಿ ಮಾಡಿಸಿ ಒಂದೊಂದು ಕಿಲೋ ಪೊಟ್ಟಣ ಕಟ್ಟಿ ಮಾರುತ್ತೇವೆ. ಪೊಟ್ಟಣಕ್ಕೆ ಲೇಬಲ್ ಬೇಕಾಯಿತು. ಪೇಟೆಯಲ್ಲಿ ಒಂದು ಕಡೆ ಕೊಟ್ಟೆವು. ಅಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ನಮ್ಮ ಫೋಟೋ ಬಿಟ್ಟು ಎಲ್ಲಿಂದಲೋ ಒಂದು ತೆನೆಯ ಚಿತ್ರ ತಂದು, ಅರಿಸಿನದಂತೆ ಹಳದಿ ಏರಿಸಿ, 500 ಲೇಬಲ್ ಅಚ್ಚು ಹಾಕಿಸಿಬಿಟ್ಟ. ಚೆನ್ನಾಗಿ ಕಾಣಲಿ ಅಂತಲೇ ಮಾಡಿದ್ದ. ಆದರೆ ಗಿರಾಕಿಗಳು ಪೊಟ್ಟಣ ಬಿಚ್ಚಿ, “ಇದೇನು ಇಷ್ಟು ಮಾಸಲು? ಹಳೇ ಮಾಲಾ?” ಅಂತ ಕೇಳತೊಡಗಿದರು. ಹೊಸ ಮಾಲು ಚಿತ್ರದ ಮುಂದೆ ಹಳೆಯದಾಯಿತು! ಬೆಳೆದವನು ನಾನು, ಬಣ್ಣ ಹೇಳಿದವನು ಬೇರೆ. ಆಮೇಲೆ ಓರಗೆಯವರ ಮಗಳೊಬ್ಬಳ ಹತ್ತಿರ ಸಂಜೆ ಹೊತ್ತು ಕೂತು ಕಲಿತೆ. ಕಲಿತದ್ದರಲ್ಲಿ ನಮಗೆ ಬೇಕಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಕಲಿಯಬೇಕಾದ್ದು ನಾಲ್ಕೇ

ಮೊದಲನೆಯದು, ತಿದ್ದುವ ಕೆಲಸ ಕಡಿಮೆಯಾಗುವಂತೆ ತೆಗೆಯುವುದು. ಮಟಮಟ ಮಧ್ಯಾಹ್ನ ಬೇಡ. ಬೆಳಗಿನ ಹೊತ್ತು ಅಥವಾ ನೆರಳು ಒಳ್ಳೇದು. ನಮ್ಮ ಕೆಂಪು ಮಣ್ಣಿನ ನೆಲದ ಮೇಲೆ ಇಟ್ಟು ತೆಗೆದರೆ ಮಣ್ಣಿನ ಕೆಂಪು ಮಾಲಿಗೂ ಹತ್ತುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಆಮೇಲೆ ಫೋನಿನಲ್ಲಿ ಆ ಹಾಳೆ ಬಿಳಿಯಾಗಿ ಕಾಣುವವರೆಗೆ ಮಾತ್ರ ಬಣ್ಣ ಸರಿಮಾಡಿ. ಹಾಳೆ ಬಿಳಿಯಾದರೆ ನವಣೆ ನವಣೆಯ ಬಣ್ಣಕ್ಕೇ ಬರುತ್ತದೆ. ಹಾಳೆಯನ್ನು ಕೊನೆಗೆ ಕತ್ತರಿಸಿ ತೆಗೆದರಾಯಿತು.

ಎರಡನೆಯದು, ಕತ್ತರಿಸುವುದು ಮತ್ತು ಬೆಳಕು ಹೆಚ್ಚುಕಡಿಮೆ ಮಾಡುವುದು. ಸ್ನ್ಯಾಪ್‌ಸೀಡ್ ಅನ್ನುವ ಆ್ಯಪ್ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರ್ ಇದ್ದವರಿಗೆ ಗಿಂಪ್ ಇದೆ. 1996ರಿಂದ ಜನರ ಕೈಲಿರುವ ಈ ತಂತ್ರಾಂಶಕ್ಕೂ ದುಡ್ಡಿಲ್ಲ. 1990ರಲ್ಲಿ ಬಂದ ಫೋಟೋಶಾಪ್ ದೊಡ್ಡದು ನಿಜ, ಆದರೆ ಅದಕ್ಕೆ ಬಾಡಿಗೆ ಕಟ್ಟುತ್ತಲೇ ಇರಬೇಕು. ನಮ್ಮ ಲೇಬಲ್ಲಿಗೆ ಅದು ಬೇಕಾಗಿಲ್ಲ. ಬೆರಳಲ್ಲಿ ಬೆಳಕು ಏರಿಸುವುದು ಕೂರಿಗೆ ಬಟ್ಟಲಿಗೆ ಕಾಳು ಬಿಟ್ಟ ಹಾಗೆ. ಕೈಗೆ ಹದ ಸಿಗಬೇಕು, ಅಷ್ಟೆ.

ಮೂರನೆಯದು, ಅಳತೆ. ಫೋನಿನ ಪರದೆ ಮೇಲೆ ಚೆನ್ನಾಗಿ ಕಂಡದ್ದು ಅಚ್ಚಿನಲ್ಲಿ ಮಸುಕಾಗುವುದು ಇಲ್ಲೇ. ಡಿಜಿಟಲ್ ಚಿತ್ರ ಅಂದರೆ ಸಣ್ಣ ಸಣ್ಣ ಚುಕ್ಕೆಗಳು. ಒಳ್ಳೇ ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು ಅಂತ ಲೆಕ್ಕ. ಲೇಬಲ್ಲಿನಲ್ಲಿ ಚಿತ್ರ 3 ಇಂಚು ಅಗಲ ಇರಬೇಕಾದರೆ 900 ಚುಕ್ಕೆ ಅಗಲವಾದರೂ ಇರಲೇಬೇಕು. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ ಸುಮಾರು 4000 ಚುಕ್ಕೆ ಅಗಲ, 3000 ಚುಕ್ಕೆ ಎತ್ತರ ಇರುತ್ತದೆ. ಅಂದರೆ 13 ಇಂಚು ಅಗಲದವರೆಗೆ ಧಾರಾಳವಾಗಿ ಅಚ್ಚಾಗುತ್ತದೆ. ಆದರೆ ಅದನ್ನೇ ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಪ್ರೆಸ್ಸಿಗೆ ಕಳಿಸುವಾಗ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಪೇಟೆಯ ಗಿರಾಕಿಗೆ ಫೋನಿನಲ್ಲಿ ತೋರಿಸುವುದಕ್ಕಾದರೆ ಸಣ್ಣ ಚಿತ್ರವೇ ಸಾಕು, ಬೇಗ ತೆರೆದುಕೊಳ್ಳುತ್ತದೆ. ಎರಡಕ್ಕೂ ಒಂದೇ ಚಿತ್ರ ಬಳಸಬಾರದು.

ನಾಲ್ಕನೆಯದು, ಪರದೆಯ ಬಣ್ಣ ಬೇರೆ, ಅಚ್ಚಿನ ಬಣ್ಣ ಬೇರೆ. ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ. ಪ್ರೆಸ್ಸಿನವರು ತಿಳಿನೀಲಿ, ಗಾಢ ಗುಲಾಬಿ, ಹಳದಿ, ಕಪ್ಪು, ಹೀಗೆ ನಾಲ್ಕು ಶಾಯಿಯಿಂದ ಮಾಡುತ್ತಾರೆ. ಪರದೆಯಲ್ಲಿ ಮಿಂಚುವ ಹಸಿರು ಕಾಗದದ ಮೇಲೆ ಆ ಮಿಂಚಿನಲ್ಲಿ ಬರುವುದೇ ಇಲ್ಲ. ಅದಕ್ಕೆ ಸಾವಿರ ಲೇಬಲ್ ಹಾಕಿಸುವ ಮೊದಲು ಒಂದೇ ಒಂದು ಪ್ರತಿ ತೆಗೆಸಿ, ಹಗಲು ಬೆಳಕಿನಲ್ಲಿ ಮಾಲಿನ ಪಕ್ಕ ಹಿಡಿದು ನೋಡಿ. ಒಪ್ಪಿಗೆಯಾದ ಮೇಲೇ ಮುಂದಿನ ಮಾತು.

ಎಲ್ಲಿ ನಿಲ್ಲಿಸಬೇಕು?

ತಿದ್ದಲು ಕಲಿಯುವುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಅಂತ ಕಲಿಯುವುದು ದೊಡ್ಡದು. ಶೇಂಗಾ ಬೆಳೆಯನ್ನೇ ತಗೊಳ್ಳಿ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆಯ ಗುರುತು. ಅದಕ್ಕೆ ಅನ್ನಭೇದಿ ಸಿಂಪಡಿಸುತ್ತೇವೆ. ಎಲೆ ಮೇಲೆ ಕಂದು ಚುಕ್ಕೆ, ಸುತ್ತ ಹಳದಿ ಬಳೆ ಇದ್ದರೆ ಅದು ಟಿಕ್ಕಾ ರೋಗ, ಮೊದಲು ಬರುವ ಬಗೆ. ತಡವಾಗಿ ಬರುವ ಬಗೆಯ ಚುಕ್ಕೆ ಎಲೆಯ ಅಡಿಯಲ್ಲಿ ಹೆಚ್ಚುಕಡಿಮೆ ಕಪ್ಪಗಿರುತ್ತದೆ. ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಗುಳ್ಳೆ ಇದ್ದರೆ ತುಕ್ಕು ರೋಗ. ಎಲ್ಲಾ ಬಣ್ಣದ ಮೇಲೇ ನಿಂತಿದೆ ನೋಡಿ. ಫೋಟೋ ಅಂದವಾಗಲಿ ಅಂತ ಹಸಿರು ಏರಿಸಿದರೆ ಕಬ್ಬಿಣದ ಕೊರತೆಯೇ ಮಾಯ. ಕಾಂಟ್ರಾಸ್ಟ್ ಏರಿಸಿದರೆ ಕಂದು ಕಪ್ಪಾಗುತ್ತದೆ. ಇಂಥ ಚಿತ್ರ ನೋಡಿ ಹೇಳಿದ ಔಷಧಕ್ಕೆ ದುಡ್ಡು ಸುರಿಯುವವರು ನಾವು. ಕೆಲವು ಫೋನುಗಳಂತೂ ನಾವು ಹೇಳದಿದ್ದರೂ ತಾವೇ ಬಣ್ಣ ಏರಿಸುತ್ತವೆ. ಅಂದ ಮಾಡುವ ಫಿಲ್ಟರು ಆರಿಸಿ ಎಲೆಯ ಎರಡೂ ಬದಿ ತೆಗೆಯಿರಿ. ರೋಗದ ಚಿತ್ರವನ್ನು ಕತ್ತರಿಸುವುದಕ್ಕಿಂತ ಹೆಚ್ಚೇನೂ ಮಾಡಬೇಡಿ.

ಬೆಳೆ ವಿಮೆಯ ಚಿತ್ರವನ್ನಂತೂ ಮುಟ್ಟಲೇಬಾರದು. ಫಸಲ್ ಬಿಮಾದಲ್ಲಿ ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಆಗ ತೆಗೆದ ಮೂಲ ಚಿತ್ರದೊಳಗೆ ದಿನ, ವೇಳೆ ದಾಖಲಾಗಿರುತ್ತದೆ. ತಿದ್ದಿದ ಕುರುಹು ಕಂಡರೆ ನಿಜವಾದ ನಷ್ಟವೂ ಸುಳ್ಳಾಗಿ ಕಾಣುತ್ತದೆ. ಯಾವುದೇ ಚಿತ್ರವಿರಲಿ, ಮೂಲವನ್ನು ಬೀಜದ ಕಾಳಿನಂತೆ ತೆಗೆದಿಡಿ, ನಕಲಿನ ಮೇಲೆ ಕೆಲಸ ಮಾಡಿ. ಜೆಪಿಜಿ ಚಿತ್ರವನ್ನು ತಿದ್ದಿ ಉಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ಸವೆಯುತ್ತದೆ ಅನ್ನುವುದೂ ನೆನಪಿರಲಿ.

ದೊಡ್ಡವರೂ ಈ ಗೆರೆ ದಾಟಿ ಹೆಸರು ಕೆಡಿಸಿಕೊಂಡದ್ದಿದೆ. 1982ರಲ್ಲಿ ಅಮೆರಿಕದ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಮುಖಪುಟದ ಉದ್ದಕ್ಕೆ ಹೊಂದಲಿ ಅಂತ ಈಜಿಪ್ಟಿನ ಪಿರಮಿಡ್ಡುಗಳನ್ನು ಚಿತ್ರದಲ್ಲಿ ಹತ್ತಿರ ಸರಿಸಿತ್ತು. ಇವತ್ತಿಗೂ ಆ ಮಾತು ಅದರ ಬೆನ್ನು ಬಿಟ್ಟಿಲ್ಲ. ಅಷ್ಟು ದೊಡ್ಡ ಪತ್ರಿಕೆಗೇ ಹೀಗಾದರೆ ಕಿಲೋ ಪೊಟ್ಟಣ ಮಾರುವ ನಮ್ಮ ಪಾಡೇನು?

“ಈ ವಯಸ್ಸಿನಲ್ಲಿ ಇದೆಲ್ಲಾ ಯಾಕೆ, ಮಕ್ಕಳು ಮಾಡ್ತಾರೆ ಬಿಡು” ಅನ್ನುವವರಿದ್ದಾರೆ. ಮಕ್ಕಳು ಬೆರಳು ಬೇಗ ಆಡಿಸುತ್ತಾರೆ, ಒಪ್ಪಿದೆ. ಆದರೆ ಹದವಾಗಿ ಒಣಗಿದ ನವಣೆಯ ಬಣ್ಣ ಯಾವುದು, ಮುಗ್ಗಿದ್ದು ಯಾವುದು ಅನ್ನುವ ಕಣ್ಣು ನಮಗೆ ಇದೆ. ಅವರ ಬೆರಳು, ನಮ್ಮ ಕಣ್ಣು ಎರಡೂ ಕೂಡಬೇಕು. ಈಗಂತೂ ನಾಲ್ಕು ಮಾತು ಬರೆದರೆ ಇಲ್ಲದ ಹೊಲದ ಚಿತ್ರ ಹುಟ್ಟಿಸುವ ಯಂತ್ರಗಳು ಬಂದಿವೆ. ಕೊಳ್ಳುವವರಿಗೆ ಯಾವ ಚಿತ್ರ ನಂಬಬೇಕು ಗೊತ್ತಾಗದ ಕಾಲ ಇದು. ಪೊಟ್ಟಣ ಬಿಚ್ಚಿದಾಗ ಚಿತ್ರದಂತೆಯೇ ಮಾಲು ಕಂಡರೆ ಆ ಗಿರಾಕಿ ಮತ್ತೆ ನಮ್ಮ ಹತ್ತಿರವೇ ಬರುತ್ತಾರೆ. ಜಾಹೀರಾತಿಗೆ ದುಡ್ಡಿಲ್ಲದ ನಮಗೆ ಇದೇ ಬಂಡವಾಳ.

ನಿಮ್ಮೂರಿನ ಸಂಘದ ಮುಂದಿನ ಸಭೆಯಲ್ಲಿ ಒಂದು ತಾಸು ಇದಕ್ಕೆ ಇಡಿ. ಒಬ್ಬರು ಶೇಂಗಾ ತರಲಿ, ಒಬ್ಬರು ರಾಗಿ, ಒಬ್ಬರು ಹುಣಸೆ ತರಲಿ. ಒಂದು ಬಿಳಿ ಹಾಳೆ ಇರಲಿ. ತೆಗೆದು, ತಿದ್ದಿ, ಮಾಲಿನ ಪಕ್ಕದಲ್ಲೇ ಹಿಡಿದು ನೋಡಿ. ಎರಡೂ ಒಂದೇ ಥರ ಕಂಡ ದಿನ ನಿಮಗೆ ಈ ವಿದ್ಯೆ ಬಂತು ಅಂತ ತಿಳಿಯಿರಿ.