ಕೋಲು ಹಿಡಿದವನ ಚಿತ್ರ, ಬಲೆ ಎಳೆದವರ ಪಾಡು

ಈಜಿಪ್ಟಿನ ಬೂಮರಾಂಗ್ ಬಗ್ಗೆ ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳುತ್ತವೆ. ಅದು ಫೇರೋ ದೊರೆಗಳ ಮಾಯಾ ಅಸ್ತ್ರ ಎಂಬುದು ಒಂದು. ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಅದನ್ನು ಕಲಿಸಿದ್ದೇ ಈಜಿಪ್ಟಿನವರು ಎಂಬುದು ಇನ್ನೊಂದು. ಎರಡನ್ನೂ ನಾವು ಒಪ್ಪುವುದಿಲ್ಲ.

ಎರಡನೆಯದನ್ನು ಮೊದಲು ಮುಗಿಸೋಣ. ದಕ್ಷಿಣ ಆಸ್ಟ್ರೇಲಿಯಾದ ವೈರಿ ಸ್ವಾಂಪ್ ಎಂಬ ಜೌಗು ನೆಲದಲ್ಲಿ ಸಿಕ್ಕ ಮರದ ಬೂಮರಾಂಗ್‌ಗಳಿಗೆ ಸುಮಾರು 10,000 ವರ್ಷ. ಈಜಿಪ್ಟಿಗೆ ಮೊದಲ ದೊರೆ ಬಂದು ಆಗಿರುವುದು 5,000 ವರ್ಷ, ಸ್ವಲ್ಪ ಹೆಚ್ಚು. ಅಜ್ಜನಿಗೆ ಮೊಮ್ಮಗ ಕೆಮ್ಮು ಕಲಿಸಿದ ಕಥೆ ಇದು. ಪೋಲೆಂಡಿನ ಒಂದು ಗುಹೆಯಲ್ಲಿ ಸಿಕ್ಕ, ಮ್ಯಾಮತ್ ದಂತದಿಂದ ಮಾಡಿದ ಬೂಮರಾಂಗ್ ಅದಕ್ಕಿಂತಲೂ ಹಳೆಯದು. ಹುಣಸೆ ಮರಕ್ಕೆ ಬಡಿಗೆ ಎಸೆದು ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿದೆ? ಮರ ಇರುವಲ್ಲಿ, ಹಸಿವು ಇರುವಲ್ಲಿ, ಯಾರಾದರೂ ಒಬ್ಬರು ಸೊಟ್ಟ ಕೋಲು ಎತ್ತಿಕೊಂಡೇ ಇರುತ್ತಾರೆ. ಕಾಡಿನಲ್ಲಿ ಬದುಕಿದ ಜನಕ್ಕೆ ಸ್ವಂತ ಬುದ್ಧಿ ಇರಲಿಲ್ಲ ಎನ್ನುವ ಅಹಂಕಾರವನ್ನು ಇತಿಹಾಸ ಎಂದು ಹಂಚಬೇಡಿ.

ಇನ್ನು ಮಾಯೆಯ ವಿಷಯ. ಬೇಟೆಯ ಕೋಲು ಮರಳಿ ಕೈಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹಕ್ಕಿಗೆ ಬಡಿದ ಕೋಲು ಹಕ್ಕಿಯ ಜೊತೆಗೇ ಬೀಳುತ್ತದೆ. ಅದು ಭಾರವಾಗಿ, ನೇರವಾಗಿ, ಗಿರಗಿರನೆ ತಿರುಗುತ್ತಾ ಹೋಗುತ್ತದೆ. ತಿರುಗುವಾಗ ಕೋಲಿನ ಉದ್ದದಷ್ಟು ಅಗಲದ ಜಾಗವನ್ನೇ ಸವರಿಕೊಂಡು ಹೋಗುವುದರಿಂದ, ನೈಲ್ ನದಿಯ ಜೊಂಡಿನಿಂದ ಹಿಂಡಾಗಿ ಮೇಲೆದ್ದ ಬಾತುಗಳಲ್ಲಿ ಯಾವುದರದ್ದಾದರೂ ರೆಕ್ಕೆಗೋ ಕತ್ತಿಗೋ ತಗಲುತ್ತದೆ. ಮರಳಿ ಬರುವುದು ಹಗುರವಾದ ಇನ್ನೊಂದು ಬಗೆ.

ನಮ್ಮ ದೊಡ್ಡ ತಕರಾರು ಇದಲ್ಲ. ‘ಫೇರೋನ ಅಸ್ತ್ರ’ ಎನ್ನುವ ಮಾತಿನ ಮೇಲೆ ನಮ್ಮ ತಕರಾರು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿ ಒಂದು ಹೆಸರುವಾಸಿ ಚಿತ್ರವಿದೆ. ಕ್ರಿ.ಪೂ. 1350ರ ಸುಮಾರಿನದು, ಈಗಿನ ಲಕ್ಸರ್ ಬಳಿಯ ಒಂದು ಸಮಾಧಿಯ ಗೋಡೆಯದು. ನೆಬಾಮುನ್ ಎಂಬಾತ ಜೊಂಡಿನ ದೋಣಿಯ ಮೇಲೆ ನಿಂತಿದ್ದಾನೆ. ಒಂದು ಕೈಯಲ್ಲಿ ಹಾವಿನಾಕಾರದ ಎಸೆಗೋಲು, ಇನ್ನೊಂದು ಕೈಯಲ್ಲಿ ಮೂರು ಹಕ್ಕಿ. ಹಿಂದೆ ಸಿಂಗರಿಸಿಕೊಂಡ ಹೆಂಡತಿ, ಕಾಲ ಬಳಿ ಮಗಳು, ಮುಂದೆ ಹಕ್ಕಿ ಹಿಡಿಯುವ ಬೆಕ್ಕು. ಇವನು ದೊರೆಯಲ್ಲ, ಬೇಟೆಗಾರನೂ ಅಲ್ಲ. ಅಮುನ್ ದೇವಸ್ಥಾನದಲ್ಲಿ ಧಾನ್ಯದ ಲೆಕ್ಕ ಬರೆಯುತ್ತಿದ್ದವನು. ನಮ್ಮ ಮಾತಿನಲ್ಲಿ ಶಾನುಭೋಗ ಎನ್ನಿ. ಕೆಸರಿನಲ್ಲಿ ಹಕ್ಕಿ ಹಿಡಿಯಲು ಯಾರಾದರೂ ಒಡವೆ ಹಾಕಿಕೊಂಡು, ಬಿಳಿ ಬಟ್ಟೆ ಉಟ್ಟುಕೊಂಡು ಹೋಗುತ್ತಾರೆಯೇ?

ಹಾಗಾದರೆ ಊರಿಗೆ ಹಕ್ಕಿ ಹಿಡಿದು ಕೊಡುತ್ತಿದ್ದವರು ಯಾರು? ಅದೂ ಸಮಾಧಿಯ ಗೋಡೆಗಳಲ್ಲೇ ಇದೆ. ನಖ್ತ್ ಎಂಬ ಇನ್ನೊಬ್ಬ ಬರವಣಿಗೆಯ ಅಧಿಕಾರಿಯ ಸಮಾಧಿಯಲ್ಲಿ ಮೇಲೆ ದೊಡ್ಡದಾಗಿ ಅವನು ಕೋಲು ಎಸೆಯುತ್ತಿದ್ದಾನೆ. ಕೆಳಗೆ ಚಿಕ್ಕ ಚಿಕ್ಕ ಆಳುಗಳು ಬಲೆಯ ಹಗ್ಗ ಎಳೆಯುತ್ತಿದ್ದಾರೆ. ನೀರಿನ ಮೇಲೆ ಎರಡು ಮಗ್ಗುಲಿನ ಬಲೆ ಹಾಸಿ, ಹಕ್ಕಿಗಳು ಬಂದು ಕೂರುವ ತನಕ ಉಸಿರು ಬಿಗಿಹಿಡಿದು ಕಾಯಬೇಕು. ಒಬ್ಬ ಸನ್ನೆ ಕೊಟ್ಟ ತಕ್ಷಣ ಎಲ್ಲರೂ ಒಟ್ಟಿಗೆ ಎಳೆಯಬೇಕು. ಒಬ್ಬ ತಡಮಾಡಿದರೂ ಹಿಂಡು ಹಾರಿಹೋಯಿತು. ಆಮೇಲೆ ಪುಕ್ಕ ಕೀಳುವುದು, ಹೊಟ್ಟೆ ಸೀಳುವುದು, ಸಾಲಾಗಿ ನೇತುಹಾಕುವುದು, ಜಾಡಿಗೆ ತುಂಬುವುದು. ಕೋಲಿಗೆ ಬೀಳುವುದು ಒಂದೆರಡು, ಬಲೆಗೆ ಬೀಳುವುದು ರಾಶಿ. ಊಟ ಬಂದದ್ದು ಬಲೆಯಿಂದ, ಹೆಸರು ಬಂದದ್ದು ಕೋಲಿಗೆ.

ಕೋಲು ಹುಟ್ಟಿನಿಂದಲೇ ದೊಡ್ಡವರದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ದೊರೆಗಳ ಕಾಲಕ್ಕೂ ಮುಂಚಿನ ಒಂದು ಕೆತ್ತನೆ ಕಲ್ಲಿನಲ್ಲಿ ಸಾಮಾನ್ಯ ಬೇಟೆಗಾರರು ಎಸೆಗೋಲು ಹಿಡಿದು ಸಾಲಾಗಿ ನಡೆದಿದ್ದಾರೆ. ಈಜಿಪ್ಟಿನ ಚಿತ್ರಲಿಪಿಯಲ್ಲಂತೂ ಲಿಬಿಯಾದವರು, ಪೂರ್ವದ ಮರುಭೂಮಿಯಾಚೆಯವರು ಇಂಥ ಹೊರಗಿನವರ ಹೆಸರಿನ ಜೊತೆ ಎಸೆಗೋಲಿನ ಗುರುತು ಹಾಕುತ್ತಿದ್ದರು. ಬರೆಯುವಾಗ ಕೋಲು ಪರದೇಶಿಗಳ ಗುರುತು, ಸಮಾಧಿಯ ಗೋಡೆಯಲ್ಲಿ ಮಾತ್ರ ಯಜಮಾನನ ಗತ್ತು! ಈ ಇಬ್ಬಂದಿತನದ ಬಗ್ಗೆ ವಿಡಿಯೋ ಮಾಡುವವರು ಒಂದು ಮಾತನ್ನೂ ಆಡುವುದಿಲ್ಲ.

1922ರಲ್ಲಿ ಹೊವಾರ್ಡ್ ಕಾರ್ಟರ್ ತೆರೆದ ತುತಂಖಾಮುನ್ ಸಮಾಧಿಯಲ್ಲಿ ಎಸೆಗೋಲುಗಳ ರಾಶಿಯೇ ಇತ್ತು. ಕೆಲವಕ್ಕೆ ಚಿನ್ನದ ತುದಿ. ಕೆಲವು ನೀಲಿ ಮೆರುಗಿನ ಪಿಂಗಾಣಿಯಂಥ ವಸ್ತುವಿನವು, ಎಸೆದರೆ ನೆಲಕ್ಕೆ ಬಿದ್ದು ಚೂರಾಗುವಂಥವು. ಎಸೆಯಲಾಗದ ಎಸೆಗೋಲು! ಹಸಿದವನ ಕೈಯಲ್ಲಿ ಬಡಿಗೆಯಾಗಿದ್ದದ್ದು ಅರಮನೆಗೆ ಹೋದ ಮೇಲೆ ಹೀಗಾಯಿತು. ಇದು ಪೂಜೆಗೆ, ಪರಲೋಕದ ಕೆಡುಕನ್ನು ಓಡಿಸಲು ಎಂದು ವಿದ್ವಾಂಸರು ವಿವರಿಸುತ್ತಾರೆ. ಇರಲಿ, ಆ ನಂಬಿಕೆಯನ್ನು ನಾವು ಹಳಿಯುವುದಿಲ್ಲ. ಅದನ್ನೇ ಹಿಡಿದು ‘ಫೇರೋನ ಅಸ್ತ್ರ’ ಎಂದು ಕೂಗುವವರನ್ನು ಹಳಿಯುತ್ತೇವೆ.

ನೆಬಾಮುನ್ ಸಮಾಧಿಯಿಂದಲೇ ಬಂದ ಇನ್ನೊಂದು ತುಂಡಿದೆ. ಅದರಲ್ಲಿ ರೈತರು ಬಾತುಗಳನ್ನು ತಂದು ಲೆಕ್ಕ ಒಪ್ಪಿಸುತ್ತಿದ್ದಾರೆ, ಸಾಹೇಬರ ಮುಂದೆ ಬಗ್ಗಿದ್ದಾರೆ. ಪಕ್ಕದಲ್ಲಿ ಬರೆದಿರುವುದು, ಕೂತುಕೋ, ಬಾಯಿ ಮುಚ್ಚು ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವ ಮಾತು. ಈ ತುಂಡೂ ಕೋಲು ಎತ್ತಿದ ಚಿತ್ರವೂ ಅದೇ ಮ್ಯೂಸಿಯಮ್ಮಿನ ಒಂದೇ ಕೋಣೆಯಲ್ಲಿವೆ.