ಕಾಣದ ರಕ್ತಕ್ಕೊಂದು ಕಣ್ಣು

ಮಗು ಅತ್ತ ಸದ್ದು ಕೇಳಿದೊಡನೆ ಮನೆಮಂದಿಯ ಗಮನವೆಲ್ಲ ಅದರ ತೂಕವೆಷ್ಟು, ಹೋಲಿಕೆ ಯಾರದ್ದು ಎಂಬುದರತ್ತ ಹೊರಳುತ್ತದೆ. ವೈದ್ಯರ ಕಣ್ಣು ಮಾತ್ರ ತಾಯಿಯ ಮೇಲೆಯೇ ಇರುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದಾಗ ಅಲ್ಲಿನ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಗರ್ಭಕೋಶದ ಸ್ನಾಯುಗಳೇ ಬಿಗಿದುಕೊಂಡು ಅವನ್ನು ಹಿಸುಕಿ ಮುಚ್ಚಬೇಕು. ಬಿಗಿಯದಿದ್ದರೆ ಅಪಾಯ ನಿಮಿಷಗಳ ಲೆಕ್ಕದ್ದು.

ಹೊರಗೆ ಹರಿಯುವ ರಕ್ತವನ್ನು ಪತ್ತೆಮಾಡಲು ಯಂತ್ರ ಬೇಕಿಲ್ಲ. ಆದರೆ ಬರಿಗಣ್ಣಿನ ಅಂದಾಜನ್ನು ನಂಬುವಂತೆಯೂ ಇಲ್ಲ. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಸಂಗ್ರಹಿಸಿ ನೋಡಿದ ನಮ್ಮ ಬೆಳಗಾವಿಯ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕಣ್ಣಂದಾಜು ಚೀಲದ ಅಳತೆಗಿಂತ ಶೇಕಡಾ 33ರಷ್ಟು ಕಡಿಮೆ ಇತ್ತು!

ಇನ್ನೂ ಕಷ್ಟದ ಸಂದರ್ಭ ಬೇರೆಯಿದೆ. ಹೊರಗೆ ರಕ್ತ ಅಷ್ಟಾಗಿ ಕಾಣದು. ಆದರೂ ನಾಡಿ ಓಡುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಬಾಣಂತಿಯ ಮುಖ ಬಿಳಿಚುತ್ತದೆ. ಹಾಗಾದರೆ ರಕ್ತ ಹೋಗುತ್ತಿರುವುದೆಲ್ಲಿಗೆ? ಹೊಟ್ಟೆಯೊಳಕ್ಕೋ, ಕಿಬ್ಬೊಟ್ಟೆಯ ಆಳದ ಅಂಗಾಂಶಗಳ ನಡುವಿಗೋ ಸೇರುತ್ತಿರಬಹುದು.

ಮೊದಲು ಹಾಸಿಗೆಯ ಪಕ್ಕಕ್ಕೇ ಬರುವುದು ಅಲ್ಟ್ರಾಸೌಂಡ್ ಯಂತ್ರ. ಬಾವಲಿಯಂತೆ ಇದೂ ಪ್ರತಿಧ್ವನಿಯಿಂದಲೇ ‘ನೋಡುತ್ತದೆ’. ತೆಳು ದ್ರವದಿಂದ ಪ್ರತಿಧ್ವನಿ ಬಾರದ್ದರಿಂದ ಹೊಟ್ಟೆಯಲ್ಲಿ ನಿಂತ ಹೊಸ ರಕ್ತ ಕಪ್ಪಗೆ ಕಾಣುತ್ತದೆ. ಹೆಪ್ಪುಗಟ್ಟಿದ ರಕ್ತ ಬೂದು. ಒಳಗೆ ಉಳಿದ ಮಾಸಿನ ತುಣುಕೂ ಹೆಚ್ಚುಕಡಿಮೆ ಹಾಗೆಯೇ ಕಂಡು ವೈದ್ಯರನ್ನು ಸತಾಯಿಸುವುದುಂಟು.

ಸೋರುತ್ತಿರುವ ಜಾಗವನ್ನೇ ತೋರಿಸಬಲ್ಲದ್ದು ಸಿ.ಟಿ. ಸ್ಕ್ಯಾನ್. ಆವರ್ತ ಕೋಷ್ಟಕ ಬರೀ ಬಾಯಿಪಾಠದ ಹೊರೆ ಎಂದು ಗೊಣಗುವ ವಿದ್ಯಾರ್ಥಿಗಳು ಇಲ್ಲಿ ಗಮನಿಸಿ. ರಕ್ತ, ಮಾಂಸಗಳಲ್ಲಿರುವುದು ಬಹುಪಾಲು ಜಲಜನಕ, ಇಂಗಾಲ, ಆಮ್ಲಜನಕ. ಇವುಗಳ ಪರಮಾಣು ಸಂಖ್ಯೆ 1, 6, 8. ಅಯೊಡೀನಿನದು 53. ಪರಮಾಣು ಸಂಖ್ಯೆ ಹೆಚ್ಚಾದಂತೆ ಕ್ಷಕಿರಣ ಹೀರುವ ಶಕ್ತಿ ಬಹಳ ವೇಗವಾಗಿ ಏರುತ್ತದೆ. ಹಾಗಾಗಿ ಅಯೊಡೀನ್ ಇರುವ ದ್ರವವನ್ನು ರಕ್ತನಾಳಕ್ಕೆ ಚುಚ್ಚಿದರೆ ಅದು ಹರಿದ ದಾರಿಯೆಲ್ಲ ಬೆಳ್ಳಗೆ ಹೊಳೆಯುತ್ತದೆ. ತುಸು ಅಂತರದಲ್ಲಿ ಎರಡು ಸಲ ಚಿತ್ರ ತೆಗೆಯುತ್ತಾರೆ. ಮೊದಲ ಚಿತ್ರದಲ್ಲಿ ನಾಳದ ಹೊರಗೆ ಕಂಡ ಬಿಳಿಮಚ್ಚೆ ಎರಡನೆಯದರಲ್ಲಿ ಹರಡಿದ್ದರೆ, ಸೋರಿಕೆ ಇನ್ನೂ ನಡೆದಿದೆ ಎಂದರ್ಥ.

ಜಾಗ ಗೊತ್ತಾದ ಮೇಲೆ ತೊಡೆಸಂದಿನ ಅಪಧಮನಿಯಿಂದ ಸಣ್ಣ ಕೊಳವೆ ತೂರಿಸಿ, ಕ್ಷಕಿರಣದ ಪರದೆ ನೋಡುತ್ತ ಅದನ್ನು ಸೋರುವ ನಾಳದವರೆಗೆ ಒಯ್ದು, ಜೆಲಟಿನ್ ಸ್ಪಂಜಿನ ಚೂರುಗಳಿಂದ ನಾಳವನ್ನು ಮುಚ್ಚಬಹುದು. ಚೂರುಗಳು ಕೆಲವು ವಾರಗಳಲ್ಲಿ ಕರಗಿಹೋಗುತ್ತವೆ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಈ ವಿಧಾನ ಬಳಸಿದ ವರದಿ ಬಂದದ್ದು 1979ರಲ್ಲಿ. ಎಷ್ಟೋ ತಾಯಂದಿರ ಗರ್ಭಕೋಶ ಇದರಿಂದ ಉಳಿದಿದೆ.

‘ಸ್ಕ್ಯಾನ್ ಮಾಡಿಸದೆ ಆಪರೇಷನ್‌ಗೆ ಒಯ್ದರು’ ಎಂದು ಕೆಲವರು ಆಕ್ಷೇಪಿಸುವುದುಂಟು. ರಕ್ತದೊತ್ತಡ ಕುಸಿಯುತ್ತಿರುವ ಬಾಣಂತಿಯನ್ನು ಸ್ಕ್ಯಾನ್ ಕೋಣೆಗೆ ಸಾಗಿಸುವುದೇ ಅಪಾಯ. ಆಗ ನೇರ ಶಸ್ತ್ರಚಿಕಿತ್ಸೆಯೇ ಸರಿ.

ಹೆತ್ತವರಿಗೆ ಇನ್ನೊಂದು ಮಾತು. ಮಗಳು ಮನೆಗೆ ಬಂದ ಮೇಲೂ, ಹನ್ನೆರಡು ವಾರಗಳವರೆಗೆ ಇಂಥ ರಕ್ತಸ್ರಾವ ಮರುಕಳಿಸಬಹುದು. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ಅಥವಾ ತಲೆಸುತ್ತಿ ಬಂದರೆ, ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.